ಕರೆದಾಯಿತು ಎಂಬ ಡಚ್ ಕೃದಂತ

ನನ್ನ ಅಳಿಯನ ಮಟ್ಟಿಗೆ ಭಾಷೆ ಎಂದರೆ ಫೋನಿಗೆ ಇಳಿಸಿಕೊಳ್ಳುವ ವಸ್ತು. ಸ್ಪ್ಯಾನಿಷ್ ಇಳಿಸಿಕೊಂಡಿದ್ದಾರೆ, ಜಪಾನೀಸ್ ಇಳಿಸಿಕೊಂಡಿದ್ದಾರೆ. ಎರಡರಲ್ಲೂ ಹುಡುಗ ಸೇಬು ತಿನ್ನುತ್ತಾನೆ ಎನ್ನುವುದರ ಆಚೆಗೆ ಹೋಗಿಲ್ಲ. ಮನೆಯಲ್ಲಿ ಆಡುವ ಕನ್ನಡವೂ ಈಗೀಗ ಸೇಬಿನ ಮಟ್ಟಕ್ಕೇ ಬಂದು ನಿಂತಿದೆ. ಹಾಗಾಗಿ 2020ರ ಲಾಕ್‌ಡೌನ್ ದಿನಗಳಲ್ಲಿ ಪಕ್ಕದ ಮನೆಯ ಅಜ್ಜಿ ಸಂಜೆಯಾದರೆ ಹಿತ್ತಲ ಗೋಡೆಯ ಹತ್ತಿರ ಬಂದು ನಮ್ಮ ಕಡೆಗೆ ಏನನ್ನೋ ಕೂಗಿ ಕೇಳತೊಡಗಿದಾಗ, ಅಳಿಯ ಮಾಡಿದ ಮೊದಲ ಕೆಲಸವೆಂದರೆ ಫೋನನ್ನು ಗೋಡೆಯ ಕಡೆಗೆ ಎತ್ತಿ ಹಿಡಿದದ್ದು.

ಫೋನು ಅದು ಡಚ್ ಭಾಷೆ ಎಂದು ಗುರುತು ಹಿಡಿದು ಅರ್ಥ ಹೇಳಿತು: ಹಸುಗಳ ಹಾಲು ಕರೆದಾಯಿತೇ?

ಮನೆಯವರೆಲ್ಲ ನಕ್ಕರು. ಮಗಳು ನಕ್ಕಳು, ಅಳಿಯ ನಕ್ಕರು, ಮೊಮ್ಮಗಳು ‘ಓ ಮೈ ಗಾಡ್, ಸೋ ಕ್ಯೂಟ್’ ಎಂದು ಒಳಗೆ ಹೋದಳು. ವಯಸ್ಸಾದವರ ಮಾತು ಕ್ಯೂಟ್ ಆಗಿ ಕಾಣತೊಡಗಿತೆಂದರೆ ಇನ್ನು ಅವರ ಮಾತನ್ನು ಯಾರೂ ಕೇಳಿಸಿಕೊಳ್ಳಬೇಕಾಗಿಲ್ಲ ಎಂದೇ ಲೆಕ್ಕ. ಇದು ನನ್ನ ಸ್ವಂತ ಅನುಭವ. ಮೈಸೂರಿನ ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಕೃದಂತ, ತದ್ಧಿತ ಎಂದು ಬೋರ್ಡಿನ ಮೇಲೆ ಬರೆದರೆ ಹಿಂದಿನ ಬೆಂಚು ಆಕಳಿಸುತ್ತಿತ್ತು. ಈಗ ಅಮೆರಿಕದ ಸೆರಿಟೋಸಿನಲ್ಲಿರುವ ಮಗಳ ಮನೆಗೂ ಫೋರ್ ಎಸ್ ರ್ಯಾಂಚಿನ ಮಗನ ಮನೆಗೂ ಸೂಟ್‌ಕೇಸಿನ ಹಾಗೆ ಓಡಾಡುತ್ತಿದ್ದೇನೆ. ಲಾಕ್‌ಡೌನ್ ಬಂದಾಗ ಸೂಟ್‌ಕೇಸು ಸೆರಿಟೋಸಿನಲ್ಲಿತ್ತು, ಅಷ್ಟೇ.

ಆ ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಈಗ ನಾವು ಒಗ್ಗರಣೆ ಹಾಕಿ ಸ್ಮೋಕ್ ಅಲಾರಂ ಕೂಗಿಸುವ ಈ ಬಡಾವಣೆಯೆಲ್ಲ ಒಂದು ಕಾಲಕ್ಕೆ ಹಸು ಕಟ್ಟುತ್ತಿದ್ದ ಜಾಗ. ಡಚ್ಚರೂ ಪೋರ್ಚುಗೀಸರೂ ಇಲ್ಲಿ ಡೈರಿ ನಡೆಸುತ್ತಿದ್ದರು. ಅಜ್ಜಿ ಹಾಲೆಂಡಿನಿಂದ ಮದುವೆಯಾಗಿ ಬಂದದ್ದು ಅಂಥ ಒಂದು ಡೈರಿಗೆ. ಆಮೇಲೆ ಮನೆ ಕಟ್ಟುವವರು ಬಂದರು, ಹಸುಗಳು ಚೀನೋ ಎಂಬ ಊರಿನ ಕಡೆಗೆ ಹೋದವು, ಅಲ್ಲಿಗೂ ಮನೆಗಳು ಬಂದ ಮೇಲೆ ಇನ್ನೂ ಒಳನಾಡಿಗೆ ಹೋದವು. ಅಜ್ಜಿಯೂ ಅವರ ಗಂಡನೂ ತಮ್ಮದೇ ಕೊಟ್ಟಿಗೆಯ ನೆಲದ ಮೇಲೆ ಕಟ್ಟಿದ ಒಂದು ಮನೆಯಲ್ಲಿ ಉಳಿದುಕೊಂಡರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಅಜ್ಜಿಗೆ ತೊಂಬತ್ತರ ಹತ್ತಿರ, ಮರೆವಿನ ಕಾಯಿಲೆ. ನೋಡಿಕೊಳ್ಳಲು ಮಗ ಬಂದು ಸೇರಿದ್ದ. ವಿಮೆ ಕಂಪನಿಯಲ್ಲಿ ದುಡಿದು ನಿವೃತ್ತನಾದವನು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹುಲ್ಲು ಕತ್ತರಿಸುವ ಮನುಷ್ಯ.

ಅವನಿಗೆ ಡಚ್ ಒಂದಕ್ಷರವೂ ಬಾರದು. ಅಪ್ಪ ಅಮ್ಮ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದರಂತೆ, ಮಕ್ಕಳು ಅಮೆರಿಕದವರಾಗಲಿ ಎಂದು ಅವರಿಗೆ ಕಲಿಸಲಿಲ್ಲವಂತೆ. ಇದನ್ನು ಅವನು ಹೆಮ್ಮೆಯಿಂದಲೇ ಹೇಳಿದ. ನಾನು ನಮ್ಮ ಮನೆಯ ಒಳಗಡೆಗೊಮ್ಮೆ ನೋಡಿದೆ. ‘ಊಟಕ್ಕೆ ಬಾ ಪುಟ್ಟಿ’ ಎಂದು ಕರೆದರೆ ‘ಐ ಆಮ್ ಗುಡ್, ಅಜ್ಜಿ’ ಎಂದು ಬೇಡವೆನ್ನುವ ಮೊಮ್ಮಗಳು ಅಲ್ಲಿದ್ದಳು. ಅವನನ್ನು ಬಯ್ಯುವ ಯೋಗ್ಯತೆ ಈ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಆದರೂ ನಾನು ಮನಸ್ಸಿನಲ್ಲಿ ಬೈದೆ.

ಸಂಜೆ ಐದರ ಸುಮಾರಿಗೆ ಅಜ್ಜಿಯ ಪ್ರಶ್ನೆ ಬರುತ್ತಿತ್ತು. ‘ಜೆಯ್ನ್ ದೆ ಕೂಯೆನ್ ಖೆಮೊಲ್ಕೆನ್?’ ಫೋನು ಅದರ ಅರ್ಥ ಹೇಳಿದ ಮೇಲೆ ಮಗನಿಗೂ ಪ್ರಶ್ನೆ ಏನೆಂದು ಗೊತ್ತಾಯಿತು. ಹಿಂದಿನಿಂದ ಬಂದು ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದ: ‘ಹಸುಗಳಿಲ್ಲ ಅಮ್ಮ. ಮಾರಿಬಿಟ್ಟೆವು. ಅಪ್ಪ ತೀರಿಕೊಂಡಿದ್ದಾರೆ.’ ಪ್ರತಿ ಸಂಜೆ ಅದೇ ಉತ್ತರ, ಅದೇ ಸೌಮ್ಯ ದನಿ. ಅಜ್ಜಿಯ ಮುಖ ಬಿದ್ದುಹೋಗುತ್ತಿತ್ತು. ಗಂಡ ಸತ್ತ ಸುದ್ದಿಯನ್ನು ಆ ಹೆಂಗಸಿಗೆ ದಿನಾ ಹೊಸದಾಗಿ ತಲುಪಿಸುತ್ತಿದ್ದ ಮಹಾನುಭಾವ ಅವನು. ಮರುದಿನ ಅವರು ಎಲ್ಲ ಮರೆತು ಮತ್ತೆ ಬಂದು ಕೇಳುತ್ತಿದ್ದರು.

ನನಗೆ ಬೇರೆ ಕೆಲಸವಿರಲಿಲ್ಲ. ಲೈಬ್ರರಿಯವರು ಬೇಡವೆಂದು ಮಾರಿದ ಒಂದು ಡಚ್ ವ್ಯಾಕರಣ ಮಗಳ ಗ್ಯಾರೇಜಿನ ಪೆಟ್ಟಿಗೆಯಲ್ಲಿತ್ತು. ಅಲಂಕಾರಕ್ಕೆಂದು ಹಳೆ ಪುಸ್ತಕ ಕೊಳ್ಳುವ ಚಟ ಅವಳಿಗೆ. ಅದನ್ನು ಹಿಡಿದು ಕೂತೆ. ಈ ‘ಖೆಮೊಲ್ಕೆನ್’ ಎನ್ನುವುದು ಭೂತ ಕೃದಂತ. ಧಾತು ‘ಮೆಲ್ಕೆನ್’, ಹಾಲು ಕರೆ ಎಂದು ಅರ್ಥ. ಆದ ಕೆಲಸವನ್ನು ಹೇಳಬೇಕಾದರೆ ಡಚ್ಚರು ಧಾತುವಿನ ಮುಂದೆ ಒಂದು ‘ಖೆ’ ಹಚ್ಚುತ್ತಾರೆ, ಗಂಟಲಲ್ಲಿ ಕಫ ಕಟ್ಟಿದವರ ಹಾಗೆ. ಸಾಧು ಕ್ರಿಯಾಪದಗಳು ಕೊನೆಗೊಂದು ತ್ ಅಥವಾ ದ್ ಹಾಕಿಕೊಂಡು ಸುಮ್ಮನಾಗುತ್ತವೆ. ಹಠಮಾರಿ ಕ್ರಿಯಾಪದಗಳು ಕೊನೆಗೆ ‘ಎನ್’ ಹಾಕಿಕೊಳ್ಳುತ್ತವೆ, ಅವುಗಳಲ್ಲಿ ಹಲವು ಹೊಟ್ಟೆಯೊಳಗಿನ ಸ್ವರವನ್ನೂ ಬದಲಾಯಿಸಿಕೊಳ್ಳುತ್ತವೆ. ಮೆಲ್ಕೆನ್ ಅಂಥ ಹಠಮಾರಿ, ಖೆಮೊಲ್ಕೆನ್ ಆಗುತ್ತದೆ. ಮತ್ತೆ ಈ ಕೃದಂತ ವಾಕ್ಯದ ಕೊನೆಗೆ ಹೋಗಿ ನಿಲ್ಲುತ್ತದೆ. ಹಸುಗಳು ಮೊದಲು, ಕರೆದದ್ದು ಆಮೇಲೆ. ಯುರೋಪಿನಲ್ಲೂ ಇಷ್ಟು ಬುದ್ಧಿಯಿರುವ ಒಂದು ಭಾಷೆ ಉಂಟಲ್ಲ ಎಂದು ನನಗೆ ಸಮಾಧಾನವಾಯಿತು. ಇಂಗ್ಲಿಷಿನವರಿಗೆ ಕ್ರಿಯಾಪದವನ್ನು ಮಾತಿನ ಕೊನೆಯವರೆಗೆ ಬಾಯಲ್ಲಿ ಹಿಡಿದಿಟ್ಟುಕೊಳ್ಳುವ ತಾಳ್ಮೆಯೇ ಇಲ್ಲ.

ಅಳಿಯನಿಗೆ ನನ್ನ ಪುಸ್ತಕ ನೋಡಿ ಉತ್ಸಾಹ ಬಂತು. ‘ಅತ್ತೆ, ಇದು ಸಿಂಪಲ್ ರೂಲ್. ಮುಂದೆ ಖೆ, ಹಿಂದೆ ಟಿ. ಆಲ್ಗಾರಿದಮ್ ಥರ’ ಎಂದರು. ಆ ಸಂಜೆ ಗೋಡೆಯ ಹತ್ತಿರ ಹೋಗಿ, ಅಜ್ಜಿ ಕೇಳಿದ ತಕ್ಷಣ, ‘ಯಾ, ಖೆಮೆಲ್ಕ್ಟ್!’ ಎಂದು ಕೂಗಿದರು. ಅಜ್ಜಿಗೆ ಆಗ ಇಸವಿ ಗೊತ್ತಿರಲಿಲ್ಲ, ತನ್ನ ಮಗನ ಹೆಸರು ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ. ಆದರೆ ಹುಬ್ಬು ಗಂಟಿಕ್ಕಿ, ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ‘ಖೆಮೊಲ್ಕೆನ್’ ಎಂದು ತಿದ್ದಿದರು. ತಿದ್ದಿ, ಇಂಥವನಿಗೆ ಹಸುವಿನ ವಿಷಯ ಏನು ಗೊತ್ತು ಎನ್ನುವ ಹಾಗೆ ತಿರುಗಿ ಒಳಗೆ ಹೋದರು. ಆ ಕ್ಷಣದಿಂದ ನನಗೆ ಆ ಹೆಂಗಸಿನ ಮೇಲೆ ಗೌರವ ಹುಟ್ಟಿತು. ಅಮೆರಿಕಕ್ಕೆ ಬಂದ ಮೇಲೆ ನಾನು ಕಂಡ ಮೊದಲ ಒಳ್ಳೆಯ ಮೇಷ್ಟ್ರು ಅವರೇ.

ಇಷ್ಟಾದರೂ ವಿಷಯ ನಗೆಚಾಟಿಕೆಯಲ್ಲೇ ಉಳಿಯುತ್ತಿತ್ತೋ ಏನೋ. ಒಂದು ದಿನ ಅಜ್ಜಿಯ ಮಗ ಗೋಡೆಗೆ ಆತುಕೊಂಡು ತನ್ನ ಕಷ್ಟ ಹೇಳಿಕೊಂಡ. ಅಮ್ಮ ರಾತ್ರಿ ಊಟ ಮಾಡುವುದಿಲ್ಲ. ತಟ್ಟೆ ಇಟ್ಟರೆ ದೂಡುತ್ತಾಳೆ. ಬೆಳಿಗ್ಗೆಯ ಕಾಫಿ, ಒಂದು ತುಂಡು ಬ್ರೆಡ್ಡು, ಅಷ್ಟೇ. ಬಟ್ಟೆಗಳೆಲ್ಲ ಜೋಲು ಬೀಳುತ್ತಿವೆ. ಹೀಗೇ ಆದರೆ ಹೆಚ್ಚು ದಿನ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇದನ್ನು ಹೇಳಿ, ಕಣ್ಣೊರೆಸಿಕೊಂಡು, ಮಾತು ಬದಲಿಸಲೆಂದು ತನ್ನ ಬಾಲ್ಯದ ಕತೆ ತೆಗೆದ. ಅಪ್ಪ ಎಷ್ಟು ಶಿಸ್ತಿನವನೆಂದರೆ, ಹಸುಗಳ ಹಾಲು ಕರೆದು ಮುಗಿಯುವವರೆಗೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವ ಹಾಗಿರಲಿಲ್ಲವಂತೆ. ಅಮ್ಮ ಸ್ಟವ್ ಆರಿಸಿ, ಬಾಗಿಲಲ್ಲಿ ನಿಂತು ಕೊಟ್ಟಿಗೆಯ ಕಡೆಗೆ ಕೂಗಿ ಕೇಳುತ್ತಿದ್ದಳಂತೆ. ಅಲ್ಲಿಂದ ಉತ್ತರ ಬಂದ ಮೇಲೆಯೇ ತಟ್ಟೆ. ‘ಎಂಥ ಕಾಲ!’ ಎಂದು ನಕ್ಕ.

ನಾನು ಅವನ ಮುಖವನ್ನೇ ನೋಡಿದೆ. ಈಗ ಹೊಳೆಯುತ್ತದೆ, ಈಗ ಹೊಳೆಯುತ್ತದೆ ಎಂದು ಕಾದೆ. ಹೊಳೆಯಲಿಲ್ಲ. ಒಂದೇ ಉಸಿರಿನಲ್ಲಿ ರೋಗವನ್ನೂ ಮದ್ದನ್ನೂ ಹೇಳಿ, ಎರಡರ ನಡುವೆ ಏನೂ ಕಾಣದೆ ಹುಲ್ಲು ಕತ್ತರಿಸಲು ಹೋದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇವನಿಗೆ ಕನ್ನಡಿ ಕೊಟ್ಟಿದ್ದರೆ ಅದನ್ನೂ ಒರೆಸಿ ಗೋಡೆಗೆ ತೂಗುಹಾಕುತ್ತಿದ್ದ.

ಮರುದಿನ ಸಂಜೆ ಅವನಿಗಿಂತ ಮೊದಲು ನಾನು ಗೋಡೆಯ ಹತ್ತಿರ ನಿಂತಿದ್ದೆ. ಅಜ್ಜಿ ಬಂದರು, ಕೇಳಿದರು. ‘ಯಾ, ಮೆವ್ರೌ. ಖೆಮೊಲ್ಕೆನ್’ ಎಂದೆ. ಮೆವ್ರೌ ಎಂದರೆ ಅಮ್ಮಾವ್ರೇ ಎನ್ನುವ ಹಾಗೆ. ಅಜ್ಜಿ ನನ್ನನ್ನು ಒಮ್ಮೆ ದಿಟ್ಟಿಸಿದರು. ಸೀರೆ, ಮೇಲೊಂದು ಸ್ವೆಟರು, ಹಣೆಯ ಮೇಲೆ ಕುಂಕುಮ; ಅವರ ಕೊಟ್ಟಿಗೆಯಲ್ಲಿ ಇಂಥ ಆಳು ಎಂದೂ ಇದ್ದಿರಲಾರದು. ಆದರೆ ಕೃದಂತ ಸರಿಯಾಗಿತ್ತು. ‘ಖೂತ್’ ಎಂದರು, ಒಳ್ಳೆಯದು ಎಂದು. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು. ಅವರ ಅಡುಗೆಮನೆಯ ಕಿಟಕಿ ನಮ್ಮ ಹಿತ್ತಲಿಗೆ ಕಾಣುತ್ತದೆ. ಅಜ್ಜಿ ಮೇಜಿಗೆ ಕೂತು, ಕೈ ಮುಗಿದು ಪ್ರಾರ್ಥನೆ ಮಾಡಿ, ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಪೂರ್ತಿ ತಿಂದರು. ನಾನು ಗೋಡೆಯ ಈಚೆ ನಿಂತು ಅತ್ತೆ.

ಅದು ತಿಂಗಳುಗಟ್ಟಲೆ ನಡೆಯಿತು. ಅಜ್ಜಿಯ ಕೆನ್ನೆ ತುಂಬಿತು. ನಮ್ಮಲ್ಲೂ ‘ಊಟ ಆಯ್ತಾ’ ಎಂದು ಕೇಳುವಾಗ ಯಾರು ಬಡಿಸಿದರು, ಎಲ್ಲಿ ಮಾಡಿದಿರಿ ಎಂದು ಯಾರೂ ವಿಚಾರಣೆ ನಡೆಸುವುದಿಲ್ಲ. ಆಗಿದ್ದರೆ ಆಯಿತು. ಡಚ್ ಕೃದಂತದ ಗುಣವೂ ಅದೇ. ಯಾರು ಕರೆದರು, ಯಾವ ಹಸು, ಯಾವ ಊರು, ಅದು ಏನೂ ಹೇಳುವುದಿಲ್ಲ. ಕೆಲಸ ಮುಗಿದಿದೆ, ಇನ್ನು ಕೂತು ಉಣ್ಣಬಹುದು ಎಂದು ಮಾತ್ರ ಹೇಳುತ್ತದೆ. ಒಳನಾಡಿನ ಡೈರಿಗಳಲ್ಲಿ ಆ ಹೊತ್ತಿಗೆ ಸಾವಿರಾರು ಹಸುಗಳ ಹಾಲನ್ನು ಯಂತ್ರಗಳು ಕರೆಯುತ್ತಲೇ ಇರುತ್ತವೆ. ಆದ್ದರಿಂದ ನಾನು ಹೇಳುತ್ತಿದ್ದುದು ಅಪ್ಪಟ ಸತ್ಯ.

ಮಗನಿಗೆ ಅಮ್ಮ ಉಣ್ಣುತ್ತಿರುವುದು ಕಂಡಿತು. ಹೊಸ ಮಾತ್ರೆಯ ಪ್ರಭಾವ ಎಂದುಕೊಂಡ. ಎಲ್ಲರಿಗೂ ಮಾತ್ರೆಯ ಹೆಸರು ಹೇಳಿ ಹೊಗಳಿದ. ಕೊನೆಗೆ ಒಂದು ಸಂಜೆ ಬೇಗ ಹೊರಗೆ ಬಂದವನ ಕಿವಿಗೆ ನನ್ನ ಉತ್ತರ ಬಿತ್ತು. ಅದರ ಅರ್ಥ ಕೇಳಿದ, ಹೇಳಿದೆ. ಅವನ ಮುಖ ಕೆಂಪಾಯಿತು.

‘ನಮ್ಮ ಮನೆಯಲ್ಲಿ ಅಮ್ಮನಿಗೆ ಯಾರೂ ಸುಳ್ಳು ಹೇಳುವುದಿಲ್ಲ,’ ಎಂದ. ‘ಅಪ್ಪ ನಮ್ಮನ್ನು ಹಾಗೆ ಬೆಳೆಸಿದ. ಚರ್ಚಿನಲ್ಲಿ ಕಲಿಸಿದ್ದೂ ಅದನ್ನೇ. ಎಷ್ಟೇ ಕಷ್ಟವಾದರೂ ನಿಜವನ್ನೇ ಹೇಳಬೇಕು.’

‘ಅವರು ಊಟ ಮಾಡುತ್ತಿದ್ದಾರಲ್ಲಪ್ಪ’ ಎಂದೆ, ನನ್ನ ಇಂಗ್ಲಿಷಿನಲ್ಲಿ.

‘ಮೋಸದಿಂದ ತಿನ್ನಿಸಿದ್ದು’ ಎಂದ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮಲ್ಲಿ ಬಡ ಶೋಕಿಲಾಲರಿಗೆ ಇದೆ. ಇವನದು ಅದಕ್ಕಿಂತ ಮೇಲು. ಹಸಿದದ್ದು ಅಮ್ಮನ ಹೊಟ್ಟೆ, ಮಲ್ಲಿಗೆ ಇವನ ಜುಟ್ಟಿಗೆ. ಕೃದಂತದಲ್ಲಿ ಕರ್ತೃ ಇರಬೇಕಿಲ್ಲ ಎಂದು ವಿವರಿಸಲು ನೋಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಒಳಗೆ ಬಂದರೆ ಮಗಳು ಕಾಯುತ್ತಿದ್ದಳು. ಅವನು ಅವಳಿಗೆ ಮೆಸೇಜು ಕಳಿಸಿಯಾಗಿತ್ತು.

‘ಅಮ್ಮಾ, ಅವ್ರ ಫ್ಯಾಮಿಲಿ ಮ್ಯಾಟರ್‌ನಲ್ಲಿ ನೀನ್ಯಾಕೆ ಇನ್ವಾಲ್ವ್ ಆಗ್ತೀಯಾ? ಬೌಂಡರಿ ಅಂತ ಒಂದಿರತ್ತೆ ಇಲ್ಲಿ.’

‘ಆ ಮುದುಕಿ ಹಸ್ಕೊಂಡಿರ್ತಾಳೆ ಕಣೆ.’

‘ಅದಕ್ಕೆ ಡಾಕ್ಟರ್ಸ್ ಇದಾರೆ. ನಾಳೆ ಏನಾದ್ರೂ ಆದ್ರೆ ನಮ್ಮೇಲೆ ಬರತ್ತೆ. ನಾವು ಇಲ್ಲೇ ಇರ್ಬೇಕಲ್ವಾ?’

ಇದೇ ಮಗಳು ಚಿಕ್ಕವಳಿದ್ದಾಗ ಚಂದಮಾಮ ನೋಡ್ತಾನೆ ಎಂದರೇನೇ ಒಂದು ತುತ್ತು ಬಾಯೊಳಗೆ ಹೋಗುತ್ತಿದ್ದುದು. ಚಂದಮಾಮ ಯಾರನ್ನೂ ನೋಡುವುದಿಲ್ಲ ಎಂದು ನಾನು ಆಗ ನಿಜ ಹೇಳಿದ್ದರೆ, ಇವತ್ತು ಬೌಂಡರಿ ಹಾಕುವಷ್ಟು ಎತ್ತರ ಬೆಳೆಯುತ್ತಿರಲಿಲ್ಲ. ಇದನ್ನು ಅವಳಿಗೆ ಹೇಳಿಯೂಬಿಟ್ಟೆ. ಲ್ಯಾಪ್‌ಟಾಪ್ ಎತ್ತಿಕೊಂಡು ಮಹಡಿಗೆ ಹೋದಳು.

ಮರುದಿನದಿಂದ ಅವನು ಸಂಜೆಯಾಗುತ್ತಲೇ ಹಿತ್ತಲಿನ ಗಾಜಿನ ಬಾಗಿಲು ಎಳೆದು ಚಿಲಕ ಹಾಕತೊಡಗಿದ. ಅಜ್ಜಿ ಗಾಜಿನ ಹಿಂದೆ ನಿಂತು ಕೇಳುತ್ತಿದ್ದರು. ಬಾಯಿ ಆಡುವುದು ಕಾಣುತ್ತಿತ್ತು, ಕೊನೆಯಲ್ಲಿ ತುಟಿ ಮುಚ್ಚಿ ದುಂಡಗಾಗುವುದು ಕಾಣುತ್ತಿತ್ತು. ನಾನು ಕೂಗಿ ಹೇಳಿದೆ, ಕೈ ಆಡಿಸಿದೆ. ಇಳಿಬಿಸಿಲು ಕಣ್ಣಿಗೆ ಹೊಡೆದು ಅವರಿಗೆ ನಾನು ಕಾಣುತ್ತಿರಲಿಲ್ಲ. ತಟ್ಟೆ ತುಂಬಿದ್ದ ಹಾಗೇ ವಾಪಸು ಹೋಗುವುದನ್ನು ಕಿಟಕಿಯಲ್ಲಿ ನೋಡಿದೆ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಈಗಲೂ ಅನಿಸುತ್ತದೆ.

ಲಸಿಕೆ ಬಂದು ಓಡಾಟ ಶುರುವಾದ ಮೇಲೆ ಅವನು ಅಜ್ಜಿಯನ್ನು ಕಾರ್ಲ್ಸ್‌ಬಾಡಿನ ಒಂದು ವೃದ್ಧಾಶ್ರಮದಲ್ಲಿ ಬಿಟ್ಟ. ಅಲ್ಲಿ ಅವನ ತಂಗಿಯ ಮನೆ ಹತ್ತಿರ, ಸಮುದ್ರದ ಗಾಳಿ ಬೇರೆ ಎಂದ. ಹಸು ಕಟ್ಟಿದವರಿಗೆ ಸಮುದ್ರದಿಂದ ಏನಾಗಬೇಕು? ನನ್ನ ಸೂಟ್‌ಕೇಸೂ ಆ ಹೊತ್ತಿಗೆ ಫೋರ್ ಎಸ್ ರ್ಯಾಂಚಿನ ಮಗನ ಮನೆಗೆ ಬಂದಿತ್ತು. ಅಲ್ಲಿಂದ ಕಾರ್ಲ್ಸ್‌ಬಾಡು ದೂರವಲ್ಲ. ಒಂದು ಶನಿವಾರ ಕರೆದುಕೊಂಡು ಹೋಗೆಂದು ಮಗನನ್ನು ಪೀಡಿಸಿದೆ.

‘ಯಾರೋ ಡಚ್ ಆಂಟಿನ ನೋಡಕ್ಕೆ ವೀಕೆಂಡ್ ಎಲ್ಲಾ ಹಾಳು ಮಾಡ್ಬೇಕಾ ಅಮ್ಮ?’

‘ವೀಕೆಂಡ್‌ನಲ್ಲಿ ನೀನು ಕಡಿದು ಗುಡ್ಡೆ ಹಾಕೋದು ನಂಗೆ ಗೊತ್ತು, ನಡಿಯೋ’ ಎಂದೆ. ದಾರಿಯುದ್ದಕ್ಕೂ ಪಾರ್ಕಿಂಗ್ ಸಿಗುತ್ತದೋ ಇಲ್ಲವೋ ಎಂದು ಗೊಣಗಿದ. ಪಾರ್ಕಿಂಗ್ ಸಿಕ್ಕಿತು.

ಜಾಗ ಚೊಕ್ಕಟವಾಗಿತ್ತು. ಅಲ್ಲಿನ ಹುಡುಗಿಯರು ನಗುನಗುತ್ತಾ ಮಾತಾಡಿಸಿದರು. ಅವರದು ಏನೂ ತಪ್ಪಿಲ್ಲ. ಅಜ್ಜಿಯ ಕೋಣೆಯಲ್ಲಿ, ಹಾಸಿಗೆಯ ಎದುರಿಗೆ, ಒಂದು ದೊಡ್ಡ ಬಿಳಿ ಬೋರ್ಡು ತೂಗುಹಾಕಿತ್ತು. ಅದು ಅಜ್ಜಿಯ ಮಗ ತಂದು ಹಾಕಿಸಿದ್ದಂತೆ. ಮೇಲೆ ವಾರ, ತಾರೀಖು. ಅದರ ಕೆಳಗೆ ದಪ್ಪ ಅಕ್ಷರದ ಇಂಗ್ಲಿಷಿನಲ್ಲಿ: ನೀವು ಕಾರ್ಲ್ಸ್‌ಬಾಡಿನಲ್ಲಿದ್ದೀರಿ. ಅಪ್ಪ ಸ್ವರ್ಗದಲ್ಲಿದ್ದಾರೆ. ಹಸುಗಳಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದನ್ನು ಓದಿಸಬೇಕೆಂದು ಅವನು ಅಲ್ಲಿಯವರಿಗೆ ಹೇಳಿಟ್ಟಿದ್ದ. ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ ಹೆತ್ತ ತಾಯಿಗೆ ವೈಧವ್ಯ ಬಾಯಿಪಾಠ ಮಾಡಿಸಿದ ಮಗನನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅಜ್ಜಿ ಕುರ್ಚಿಯಲ್ಲಿದ್ದರು. ಮಣಿಕಟ್ಟು ಕಡ್ಡಿಯಾಗಿತ್ತು. ಮುಂದೆ ಸಂಜೆಯ ಊಟದ ತಟ್ಟೆ, ಮುಟ್ಟಿರಲಿಲ್ಲ. ಅವರು ಏನೂ ಕೇಳಲಿಲ್ಲ. ನಾನೇ ಹತ್ತಿರ ಹೋಗಿ ಕೈ ಹಿಡಿದು ಹೇಳಿದೆ: ‘ಮೆವ್ರೌ, ದೆ ಕೂಯೆನ್ ಜೆಯ್ನ್ ಖೆಮೊಲ್ಕೆನ್.’

ಒಂದು ಕ್ಷಣ ಕಣ್ಣು ನನ್ನ ಕಡೆ ಬಂತು. ಆಮೇಲೆ ಬೋರ್ಡಿನ ಕಡೆ ಹೋಯಿತು. ತುಟಿ ಆಡಿಸುತ್ತ ಒಂದೊಂದೇ ಪದ ಓದಿದರು. ಓದಿ ಮುಗಿಸಿ, ಅಂಗಡಿಯವರು ಗಿರಾಕಿಗೆ ಇಲ್ಲವೆನ್ನುವಷ್ಟು ವಿನಯವಾಗಿ, ಇಂಗ್ಲಿಷಿನಲ್ಲಿ ಹೇಳಿದರು:

‘ಹಸುಗಳಿಲ್ಲ, ಮೇಡಂ.’

ತಟ್ಟೆಯನ್ನು ಮೆಲ್ಲಗೆ ದೂಡಿದರು. ಅವರ ಬಾಯಲ್ಲಿ ಅದಕ್ಕೆ ಮೊದಲು ನಾನು ಇಂಗ್ಲಿಷ್ ಕೇಳಿರಲಿಲ್ಲ. ನಾನು ಎದ್ದು ಆ ಕೊನೆಯ ಸಾಲನ್ನು ಸೆರಗಿನಿಂದ ಒರೆಸಿದೆ. ನನ್ನ ಮಗ ಬಾಗಿಲಲ್ಲಿ ನಿಂತು ‘ಅಮ್ಮಾ, ಏನ್ ಮಾಡ್ತಿದೀಯಾ, ಬಿಡು’ ಎಂದು ಪಿಸುಗುಟ್ಟಿದ. ಒರೆಸಿ ಪ್ರಯೋಜನವಾಗಲಿಲ್ಲ. ಅಜ್ಜಿ ಖಾಲಿ ಜಾಗವನ್ನು ನೋಡಿಯೂ ಅದೇ ಮಾತು ಹೇಳಿದರು. ಒಂದು ಚಮಚ ಸೂಪು ಬಾಯಿಯ ಹತ್ತಿರ ಹಿಡಿದೆ. ಬಾಯಿ ತೆರೆಯಲಿಲ್ಲ. ಮುಂದಿನ ವಾರ ಅಜ್ಜಿಯ ಮಗಳ ಫೋನು ಬಂತು, ಹೊರಗಿನವರು ಬರುವುದು ಬೇಡ, ಅಮ್ಮನಿಗೆ ಗೊಂದಲವಾಗುತ್ತದೆ ಎಂದು.

ಆಮೇಲಿನ ಮಳೆಗಾಲಕ್ಕೆ ನಾನು ಸೆರಿಟೋಸಿಗೆ ವಾಪಸಾಗಿದ್ದೆ. ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಅಜ್ಜಿಯ ಮಗ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅಮ್ಮ ಹೋದಳು ಎಂದ. ನಾನು ಒಳಗೆ ಕರೆಯಲಿಲ್ಲ.

‘ಕೊನೆಕೊನೆಗೆ ತುಂಬ ಸ್ಪಷ್ಟವಾಗಿದ್ದಳು,’ ಎಂದ. ‘ಯಾವ ವಾರ ಎಂದು ಕೇಳಿದರೂ ಹೇಳುತ್ತಿದ್ದಳು. ತಾನು ಎಲ್ಲಿದ್ದೇನೆ ಎಂದು ಗೊತ್ತಿತ್ತು. ಅಪ್ಪ ಇಲ್ಲ ಎನ್ನುವುದೂ ಗೊತ್ತಿತ್ತು.’

‘ಊಟ ಮಾಡುತ್ತಿದ್ದರಾ?’

‘ಇಲ್ಲ,’ ಎಂದ. ‘ತಿನ್ನುವುದನ್ನು ಬಿಟ್ಟುಬಿಟ್ಟಿದ್ದಳು. ಆದರೆ ಗೊಂದಲ ಇರಲಿಲ್ಲ.’

ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರು ಎಂದು ನನಗೆ ಗೊತ್ತು, ಅವನು ಅಮ್ಮನನ್ನು ಪ್ರೀತಿಸುತ್ತಿದ್ದ ಎಂದೂ ಗೊತ್ತು. ಅದರಿಂದ ನನ್ನ ತಿರಸ್ಕಾರವೇನೂ ಕಡಿಮೆಯಾಗಲಿಲ್ಲ. ಅವನು ಜೇಬಿನಿಂದ ಪೆನ್ನು ತೆಗೆದ. ಭಾನುವಾರ ಚರ್ಚಿನಲ್ಲಿ ಕಾರ್ಯಕ್ರಮ, ಎಲ್ಲರಿಗೂ ಕೊಡಲು ಒಂದು ಕಾರ್ಡು ಅಚ್ಚು ಹಾಕಿಸುತ್ತಿದ್ದೇವೆ, ಅಮ್ಮನ ಫೋಟೋದ ಕೆಳಗೆ ಅವಳ ಭಾಷೆಯ ಒಂದು ಮಾತಿದ್ದರೆ ಚೆನ್ನ ಎಂದು ತಂಗಿಗೆ ಅನಿಸಿದೆ ಎಂದ.

‘ನೀವು ಗೋಡೆಯ ಹತ್ತಿರ ಅಮ್ಮನಿಗೆ ಒಂದು ಪದ ಹೇಳುತ್ತಿದ್ದಿರಲ್ಲ, ಅದೇನು? ಅವಳಿಗೆ ಅದು ತುಂಬ ಇಷ್ಟವಾಗಿತ್ತು.’

ಅವನ ಕೈಯಲ್ಲಿದ್ದ ಪೆನ್ನನ್ನು ನೋಡಿದೆ. ಆ ಮನೆಯವರಿಗೆ ಅಲ್ಲಿಯವರೆಗೆ ನಾನು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ.

‘ನೆನಪಿಲ್ಲಪ್ಪ,’ ಎಂದೆ, ‘ಮರೆತುಹೋಗಿದೆ.’